ಕಳಂಬೋಲಿಯ ಕರಿ ಹೊನ್ನು

ಆಗಿನ ನಮ್ಮ ಅಂಗಿಗಳಿಗೆಲ್ಲ ಕಡೆಗೆ ಒಂದೇ ಬಣ್ಣ. ಅಂಗಡಿಯಿಂದ ತಂದಾಗ ಬಿಳಿಯೋ ನೀಲಿಯೋ ಇದ್ದದ್ದು, ಪನ್ವೇಲಿನ ಪಕ್ಕದ ಕಳಂಬೋಲಿಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಆ ಕಬ್ಬಿಣದ ಬಜಾರಿನ ಆಸುಪಾಸಿನಲ್ಲಿ ಬೆಳೆದಿದ್ದರೆ ನಿಮಗೂ ಇದು ಗೊತ್ತಿರುತ್ತದೆ. ಕಬ್ಬಿಣಕ್ಕೆ ವಾಸನೆ ಇಲ್ಲ ಅನ್ನುವವರು ಜೂನ್ ತಿಂಗಳ ಮೊದಲ ಮಳೆಗೆ ಅಲ್ಲಿ ನಿಂತು ನೋಡಿಲ್ಲ. ಬಿಸಿಲಿಗೆ ಕಾದು ಬಿದ್ದಿದ್ದ ತಗಡು, ಸಳಿ ಎನ್ನುವ ಉದ್ದ ಸರಳು, ಪೈಪುಗಳ ಮೇಲೆ ನೀರು ಬಿದ್ದೊಡನೆ ಏಳುತ್ತಿದ್ದ ವಾಸನೆ ತುಟಿ ಒಡೆದಾಗ ನಾಲಿಗೆಗೆ ತಾಗುವ ರುಚಿಯಂತೆಯೇ ಇರುತ್ತಿತ್ತು.

ಬಜಾರಿನ ಬೆನ್ನಿಗೆ ಒಂದೇ ಕೋಣೆಯ ಮನೆ ನಮ್ಮದು. ಬೆಳಗಾದರೆ ಟ್ರೇಲರುಗಳು ಹಿಂದಕ್ಕೆ ಸರಿಯುವ ಸದ್ದು, ಸಳಿಗಳ ಕಟ್ಟು ನೆಲಕ್ಕೆ ಬಿದ್ದಾಗಿನ ಸದ್ದು, ಗ್ಯಾಸ್ ಕಟ್ಟರಿನ ಸುಯ್ ಎನ್ನುವ ಸದ್ದು. ನಾವು ಮಕ್ಕಳು ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ರಸ್ತೆಯ ದೂಳಿನಲ್ಲಿ ಎಳೆದುಕೊಂಡು ಓಡುತ್ತಿದ್ದೆವು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಅದಕ್ಕೆ ಕಪ್ಪು ಗಡ್ಡ ಬೆಳೆದಿರುತ್ತಿತ್ತು. ಯಾರ ಗಡ್ಡ ದೊಡ್ಡದೋ ಅವರು ಗೆದ್ದಂತೆ.

ನಾವು ಕಮ್ಮಾರರು. ಸಿಂದಗಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಅಜ್ಜನ ಕುಲುಮೆ ಇತ್ತು. ಟ್ರ್ಯಾಕ್ಟರು ಬಂದ ಮೇಲೆ ನೇಗಿಲ ಕುಳ ಕಾಯಿಸಿಕೊಳ್ಳಲು ಬರುವವರು ಕಡಿಮೆಯಾದರು, ಅಜ್ಜ ತೀರಿಕೊಂಡ ಮೇಲೆ ತಿದಿ ಊದುವವರೂ ಇಲ್ಲವಾದರು. ಅಪ್ಪ ಕಾಳಪ್ಪ ಮತ್ತು ಅವನ ತಮ್ಮ ಮೌನೇಶ ಕಾಕಾ ಇಬ್ಬರೂ ಕಳಂಬೋಲಿಗೆ ಬಂದು ಮಾಥಾಡಿಗಳಾದರು. ಎಂದರೆ ಹಮಾಲರು. ಕಬ್ಬಿಣ ಕಾಸಿ ಬಡಿಯುತ್ತಿದ್ದವನ ಮಕ್ಕಳು ಕಬ್ಬಿಣ ಹೊರುವವರಾದರು. ಅಜ್ಜಿ ಮಾತ್ರ ಊರು ಬಿಡಲಿಲ್ಲ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಕಳಂಬೋಲಿಯ ಮರಾಠಿ ಗೆಳತಿಯರಿಗೆ ಆಯಿ ಎಂದರೆ ತಾಯಿ. ನನಗೆ ಇಬ್ಬರು ತಾಯಂದಿರು ಎಂದು ಅವರು ಬಹುಕಾಲ ನಂಬಿದ್ದರು.

ಅಪ್ಪನದು ಮಾತು ಕಡಿಮೆ. ಸಂಜೆ ಬಂದು ಮೈತೊಳೆದು ಬೋರಲು ಮಲಗಿದರೆ ಅವ್ವ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೆಗಲ ಮೇಲೆ ಚರ್ಮ ದಪ್ಪಗಾಗಿ ದನದ ಹೆಗಲಿನಂತೆ ಗಟ್ಟಿಯಾಗಿತ್ತು. ಕಾಕಾನಿಗೂ ಅಂಥದೇ ಹೆಗಲು ಬರತೊಡಗಿತ್ತು, ಆದರೆ ಅವನು ಅದನ್ನು ಮುಟ್ಟಿ ತೋರಿಸಿ ನಗುತ್ತಿದ್ದ. ಅವನಿದ್ದರೆ ಮನೆಯಲ್ಲಿ ಸದ್ದು. ಅವ್ವ ಬಡಿದ ಜೋಳದ ರೊಟ್ಟಿಯನ್ನು ಬಿಸಿಯಿದ್ದಾಗಲೇ ಶೇಂಗಾ ಹಿಂಡಿ ಹಾಕಿ ಸುರುಳಿ ಸುತ್ತಿ ನನ್ನ ಕೈಗಿಡುತ್ತಿದ್ದ. ಭಾನುವಾರ ಹೆದ್ದಾರಿಯ ಬದಿಯ ಗಾಡಿಯಿಂದ ವಡಾ ಪಾವ್ ತರುತ್ತಿದ್ದ. ನನ್ನ ಹೆಸರು ಸಾವಿತ್ರಿ. ಅವನಿಗೆ ನಾನು ಸಾವಕ್ಕ.

ಹೆದ್ದಾರಿ ದಾಟಿ ಬಸ್ಸು ಹಿಡಿದು ಹೋಗಬೇಕಾದ ಒಂದು ಕನ್ನಡ ಶಾಲೆಗೆ ನನ್ನನ್ನು ಹಾಕಿದ್ದರು. ಮಕ್ಕಳು ಕಡಿಮೆ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದರು. ನಮ್ಮ ಶಶಿಕಲಾ ಟೀಚರ್ ಉಡುಪಿ ಕಡೆಯವರು. ಗಂಡ ನೆರೂಳಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಐದನೇ ತರಗತಿಯ ಶುರುವಿನಲ್ಲಿ, ಮಳೆ ಇನ್ನೂ ಹಿಡಿದಿರಲಿಲ್ಲ, ಟೀಚರ್ ಒಂದು ಕೆಲಸ ಕೊಟ್ಟರು.

"ನಿಮ್ಮ ಮನೆಯಲ್ಲಿ ದಿನಾ ಕಾಣುವ ಒಂದು ವಸ್ತು ತೆಗೊಳ್ಳಿ. ಅದಕ್ಕೆ ಆ ಹೆಸರು ಹೇಗೆ ಬಂತು ಅಂತ ದೊಡ್ಡವರಲ್ಲಿ ಕೇಳಿ ಬನ್ನಿ. ಗೊತ್ತಾಗದಿದ್ರೆ ನಾನು ಹೇಳ್ತೇನೆ, ಆಯ್ತಾ?"

ಒಬ್ಬಳು ಹಾಲು ಎಂದಳು, ಇನ್ನೊಬ್ಬ ಕೊಡೆ ಎಂದ. ನಾನು ಕಬ್ಬಿಣ ಎಂದೆ. ಬೇರೇನೂ ಹೊಳೆಯಲಿಲ್ಲ.

ಅಂದು ಸಂಜೆ ಅಪ್ಪನನ್ನು ಕೇಳಿದೆ, "ಅಪ್ಪಾ, ಕಬ್ಬಿಣಕ್ಕ ಕಬ್ಬಿಣ ಅಂತ ಯಾಕ ಅಂತಾರ?"

ಅಪ್ಪ ಬೋರಲು ಮಲಗಿದ್ದಲ್ಲಿಂದಲೇ ಅಂದ, "ಊರಾಗ ಕಬ್ಬಣ ಅಂತೀವಿ. ಇಲ್ಲೆ ಲೋಖಂಡ ಅಂತಾರ. ಹೆಗಲಿಗೆ ಎಲ್ಲಾ ಅಷ್ಟ ವಜ್ಜಿ."

ಕಾಕಾ ಬಿಡುವವನೇ? "ಏ ನಾ ಹೇಳ್ತೀನಿ ಬಾ ಸಾವಕ್ಕ. ಒಬ್ಬಾಂವ ಕತ್ತಲಾಗ ಕಬ್ಬು ಅಂತ ತಿಳ್ಕೊಂಡು ಸಳಿ ಕಚ್ಚಿದ್ನಂತ. ಹಲ್ಲು ಮುರದು ಕೈಯಾಗ ಬಂದ್ವು. ಹೇಣ್ತಿ ಏನ್ರೀ ಅದು ಅಂದ್ರ, ಬಾಯಿ ತುಂಬ ರಕ್ತ, ಕಬ್ಬು ಅನ್ನಾಕ ಹೋಗಿ ಕಬ್ಬ್... ಇಣ ಅಂದ್ನಂತ!"

ಅವ್ವ ಲಟ್ಟಣಿಗೆ ತೋರಿಸಿ, "ಆ ಹುಡಿಗಿ ಇದನ್ನ ಸಾಲ್ಯಾಗ ಹೇಳಿ ಹೊಡತಾ ತಿಂತದ, ಸುಮ್ನ ಕುಂಡ್ರೋ ಮೌನೇಶ" ಎಂದು ತಾನೇ ನಕ್ಕಳು.

ನಾನು ಅದನ್ನೇ ಶಾಲೆಯಲ್ಲಿ ಹೇಳಿದೆ. ಟೀಚರ್ ಹೊಡೆಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಹಲಗೆಯ ಮೇಲೆ ಬರೆದು ತೋರಿಸಿದರು.

"ನಿನ್ನ ಕಾಕಾ ಭಾರೀ ಜೋರುಂಟು ಮಾರಾಯ್ತಿ. ನೋಡಿ ಮಕ್ಕಳೇ, ನಮ್ಮ ತುಳುವಿನಲ್ಲಿ ಇದಕ್ಕೆ ಕರ್ಬ ಅಂತ ಹೇಳುದು. ಆ ಕರ್ ಅಂದ್ರೆ ಕಪ್ಪು. ಕರಿ ಇರುವೆ, ಕರಿ ಮೋಡ ಅಂತ ಹೇಳುದಿಲ್ವಾ, ಅದೇ. ಹಳೆಗನ್ನಡದಲ್ಲಿ ಪೊನ್ ಅಂದ್ರೆ ಹೊನ್ನು. ಎರಡೂ ಸೇರಿ ಕರ್ಬೊನ್. ಬಾಯಿಂದ ಬಾಯಿಗೆ ಹೋಗಿ ಸವೆದು ಸವೆದು ಕಬ್ಬಿಣ ಆಯ್ತು ಅಂತ ತಿಳಿದವರು ಹೇಳ್ತಾರೆ. ಕಬ್ಬಿಣ ಅಂದ್ರೆ ಕರಿ ಹೊನ್ನು."

ಲೋಖಂಡ ಎಂದರೆ ಲೋಹದ ಖಂಡ, ತುಂಡು ಎಂದೂ ಹೇಳಿದರು. ಲೋಹ ಎನ್ನುವುದು ಮೊದಲು ಕಬ್ಬಿಣದ ಹೆಸರೇ ಅಲ್ಲವಂತೆ. ಕೆಂಪು ಎನ್ನುವ ಅರ್ಥದಿಂದ ಹುಟ್ಟಿ ತಾಮ್ರಕ್ಕೆ ಸಲ್ಲುತ್ತಿದ್ದ ಹೆಸರು, ಆಮೇಲೆ ಕಬ್ಬಿಣಕ್ಕೂ ಬಂತಂತೆ. ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಬಜಾರು ಕಂಡಾಗ ನನಗೆ ಏನೋ ಹೆಮ್ಮೆ. ಇಷ್ಟು ಹೊನ್ನು ಬೇರೆ ಯಾರ ಮನೆಯ ಹಿಂದೆಯೂ ಇರಲಿಲ್ಲ.

ಕಾಕಾನಿಗೆ ಹೇಳಿದರೆ ರೊಟ್ಟಿ ಕೈಯಲ್ಲೇ ಉಳಿಯಿತು. "ಖರೇನ? ಹಂಗಾರ ನಾನೂ ನಿಮ್ಮಪ್ಪನೂ ದಿನಾ ಬಂಗಾರ ಹೊರ್ತೀವಿ!" ಮರುದಿನ ಯಾರ್ಡಿನಲ್ಲಿ ಎಲ್ಲರಿಗೂ ಸಾರಿದ. ಬಿಹಾರಿಗಳು, ಸಾತಾರಾದವರು, ನಮ್ಮ ರಾಯಚೂರಿನವರು, ಎಲ್ಲರೂ ಆ ವಾರವೆಲ್ಲ "ಚಲೋ ಭಾಯ್, ಸೋನಾ ಉಠಾವ್" ಎಂದು ಕೂಗುತ್ತ ಸಳಿ ಎತ್ತಿದರಂತೆ. ಹಮಾಲರ ಮೇಸ್ತ್ರಿ ಮುಕಾದಮನೂ ಹಾಗೇ ಕೂಗಿದನಂತೆ. ಅಪ್ಪನೂ ಒಮ್ಮೆ ನಕ್ಕ ಎಂದು ಕಾಕಾ ಬಂದು ವರದಿ ಒಪ್ಪಿಸಿದ. ಅದು ನಮ್ಮ ಮನೆಯ ಒಳ್ಳೆಯ ವಾರ. ಆಮೇಲೆ ಮಳೆ ಬಂತು.

ಅಂದು ಶಾಲೆಯಿಂದ ಬಂದಾಗ ಮನೆಯ ಬಾಗಿಲು ತೆರೆದಿತ್ತು. ಒಳಗೆ ಓಣಿಯ ಹೆಂಗಸರು. ಸ್ಟೋವ್ ಹೊತ್ತಿಸಿರಲಿಲ್ಲ. ಅವ್ವ ಗೋಡೆಗೆ ಒರಗಿ ಕೂತಿದ್ದಳು, ಹಿಟ್ಟು ಹತ್ತಿದ ಕೈ ಹಾಗೇ ಒಣಗಿತ್ತು. ನನ್ನನ್ನು ಕಂಡು, "ನಿಮ್ಮ ಕಾಕಾನ ಮ್ಯಾಲ ಸಳಿ ಬಿದ್ದಾವಂತವ್ವಾ" ಎಂದಳು. ಆಸ್ಪತ್ರೆಗೆ ಒಯ್ದಿದ್ದಾರೆ ಎಂದಳು. ನಾನು ಯಾವಾಗ ಬರುತ್ತಾನೆ ಎಂದು ಕೇಳಿದೆ. ಒಬ್ಬಾಕೆ ನನ್ನ ಪಾಟಿಚೀಲ ಇಳಿಸಿಕೊಂಡಳು.

ಹೇಗಾಯಿತು ಎನ್ನುವುದು ಆಮೇಲೆ ಚೂರು ಚೂರಾಗಿ ಗೊತ್ತಾಯಿತು. ಕ್ರೇನು ಸಳಿಯ ಕಟ್ಟನ್ನು ಎತ್ತಿತ್ತು. ಅದರ ಒಂದು ತುದಿಯನ್ನು ಕೈಯಿಂದ ತಳ್ಳಿ ಟ್ರೇಲರಿನ ಕಡೆಗೆ ತಿರುಗಿಸುವುದು ಕಾಕಾನ ಕೆಲಸ. ಮಳೆಗೆ ಎಲ್ಲ ಒದ್ದೆಯಾಗಿತ್ತು. ಕಟ್ಟಿದ್ದ ಉಕ್ಕಿನ ಹಗ್ಗ ಜಾರಿ ಕಟ್ಟು ಒಂದು ಬದಿಗೆ ವಾಲಿತು. ಅಪ್ಪ ಟ್ರೇಲರಿನ ಮೇಲೆ ನಿಂತು ನೋಡುತ್ತಿದ್ದ. ಕೂಗಿದನಂತೆ. ಕೂಗು ಮುಟ್ಟುವುದಕ್ಕೆ ಮೊದಲೇ ಸಳಿ ಮುಟ್ಟಿದವು. ಆಸ್ಪತ್ರೆ ತಲುಪುವಾಗಲೇ ಕಾಕಾ ಇರಲಿಲ್ಲ.

ಕೊಯ್ದು ನೋಡುವ ಶಾಸ್ತ್ರ ಮುಗಿಸಿ ಮರುದಿನ ಹೆಣ ಕೊಟ್ಟರು. ಆಂಬುಲೆನ್ಸಿನಲ್ಲಿ ಊರಿಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಕಾಕಾನ ಕಾಲ ಬಳಿ ಕೂತಿದ್ದ. ಗುಂಡಿ ಬಂದಲ್ಲೆಲ್ಲ ಬಟ್ಟೆ ಸುತ್ತಿದ ಆ ಪಾದಗಳು ಅಲುಗದಂತೆ ಹಿಡಿಯುತ್ತಿದ್ದ. ಆಯಿ ಅಂಗಳದಲ್ಲೇ ನಿಂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಮುಖದ ಬಟ್ಟೆ ಸರಿಸಲು ಹೋದಳು, ಅಪ್ಪ ಕೈ ಹಿಡಿದು ತಡೆದ. ಯಾಕೆ ತಡೆದ ಎಂದು ಅವಳು ಕೇಳಲಿಲ್ಲ.

ಮಣ್ಣು ಮಾಡಿ, ದಿನಗಳ ಕಾರ್ಯ ಮುಗಿಸಿ ನಾವು ಹೊರಟಾಗ ಆಯಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು.

"ನಾನೂ ಬರ್ತೀನಿ."

"ಅಲ್ಲೇನ್ ಮಾಡ್ತಿ ಯವ್ವಾ, ಒಂದ ಖೋಲಿ" ಎಂದ ಅಪ್ಪ.

"ಇರಾಕ ಬರೂದಿಲ್ಲ. ನೋಡಾಕ ಬರ್ತೀನಿ."

"ನೋಡಾಕ ಏನೈತಿ?"

"ನನ್ನ ಮಗನ್ನ ಕೊಂದದ್ದು ಐತಲ್ಲ" ಎಂದಳು ಆಯಿ. "ಅದನ್ನ ನೋಡಬೇಕು. ನಿಮ್ಮಪ್ಪ ಇರೂತನಕ ಅಮಾಸಿಗೊಮ್ಮಿ ಕುಲುಮಿ ಅಡಿಗಲ್ಲಿಗೆ ಪೂಜಿ ಮಾಡೀನಿ. ಹಡದ ಮಕ್ಕಳ ತಲಿದೆಸಿಗೆ ಕಬ್ಬಣ ಇಟ್ಟು ಮಲಗಿಸೀನಿ. ನಮ್ಮನ್ನ ಯಾಕ ತಿಂದಿ ಅಂತ ಅದಕ್ಕ ಕೇಳಬೇಕು."

ಅವಳಿಗೆ ಕಬ್ಬಿಣವೆಂದರೆ ಮನೆಯ ಹಿರಿಯನಿದ್ದಂತೆ. ನನ್ನ ಟೀಚರ್ ಹೇಳಿದ ಕರಿ ಹೊನ್ನಿನ ಮಾತನ್ನು ಬಸ್ಸಿನಲ್ಲಿ ಅವಳಿಗೆ ಹೇಳಿದೆ. ಯಾಕೆ ಹೇಳಿದೆನೋ, ಮಾತು ಬೇಕಿತ್ತು ಅಷ್ಟೆ. ಆಯಿ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು, "ಹೊನ್ನು ಅನ್ಲಿ, ಮಣ್ಣು ಅನ್ಲಿ. ನಮಗದು ಅನ್ನಾ ಹಾಕತಿತ್ತು."

ಕಳಂಬೋಲಿಗೆ ಬಂದ ಮರುದಿನ ಬೆಳಗ್ಗೆ ಆಯಿ ಸೀರೆ ಬದಲಿಸಿ ತಯಾರಾಗಿ ಕೂತಳು. ಅಪ್ಪ ಬೇಡವೆಂದು ಎರಡು ಸಲ ಅಂದ. ಅವ್ವನೂ, "ಅತ್ತಿ, ಬ್ಯಾಡ್ರಿ, ಅಲ್ಲಿ ಹೆಣ್ಮಕ್ಕಳು ಹೋಗೂದಿಲ್ಲ" ಎಂದಳು. ಆಯಿ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ಹೊರಟಳು. ಅಪ್ಪ ಹಿಂದೆ ಬಂದ.

ಮಳೆ ನಿಂತಿತ್ತು. ಯಾರ್ಡಿನ ನೆಲವೆಲ್ಲ ಕೆಂಪು ಕೆಸರು. ಆಯಿ ಅಷ್ಟು ಕಬ್ಬಿಣವನ್ನು ಜನ್ಮದಲ್ಲಿ ನೋಡಿರಲಿಲ್ಲ. ಗುಡ್ಡೆಗಳ ನಡುವೆ ನಿಂತು ಸುತ್ತ ನೋಡಿದಳು, ತೇವವಾದ ಒಂದು ತಗಡನ್ನು ಬೆರಳಿಂದ ಮುಟ್ಟಿ ಬೆರಳು ನೋಡಿಕೊಂಡಳು. ಕೆಲಸ ಮಾಡುತ್ತಿದ್ದವರು ಹಿಂದೆ ಬರುತ್ತಿದ್ದ ಅಪ್ಪನನ್ನು ಕಂಡು ಅವಳು ಯಾರೆಂದು ತಿಳಿದು ಒಬ್ಬೊಬ್ಬರೇ ಕೆಲಸ ನಿಲ್ಲಿಸಿದರು. ಕೆಲವರು ತಲೆಗೆ ಸುತ್ತಿದ್ದ ಬಟ್ಟೆ ತೆಗೆದರು. ಮುಕಾದಮ ಕಚೇರಿಯಿಂದ ಇಳಿದು ಬಂದು ಆಯಿಯ ಕಾಲು ಮುಟ್ಟಿದ. ಕೆಟ್ಟ ಮನುಷ್ಯನಲ್ಲ ಅವನು.

"ಎಲ್ಲಿ ಬಿದ್ದ?" ಎಂದಳು ಆಯಿ.

ಅಪ್ಪ ತೋರಿಸಿದ. ಅಲ್ಲಿ ಏನೂ ಇರಲಿಲ್ಲ. ನೀರು ನಿಂತಿತ್ತು.

ಆಯಿ ನೆಲ ನೋಡಿದಳು, ಸುತ್ತಮುತ್ತಲಿನ ಗುಡ್ಡೆಗಳನ್ನು ನೋಡಿದಳು. ಮುಕಾದಮನ ಕಡೆ ತಿರುಗಿ ನೇರವಾಗಿ ಅವನನ್ನೇ ಕೇಳಿದಳು, "ಆ ಕಬ್ಬಣ ಎಲ್ಲೈತಿ?"

ಅವನಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿ, "ಆಜಿ ಕಾಯ್ ಮ್ಹಣತೇ?" ಎಂದ, ಅಜ್ಜಿ ಏನನ್ನುತ್ತಾಳೆ ಎಂದು. ಅಪ್ಪ ನೆಲ ನೋಡುತ್ತ ನಿಂತಿದ್ದ. ಅವನು ಹೇಳಲಾರ ಎಂದು ನಾನೇ ಮರಾಠಿಯಲ್ಲಿ ಹೇಳಿದೆ, ಆ ಲೋಖಂಡ ಎಲ್ಲಿದೆ ಎಂದು ಕೇಳುತ್ತಿದ್ದಾಳೆ ಎಂದು.

"ತೇ ಗೇಲಂ ಬಾಳ" ಎಂದ ಮುಕಾದಮ. ಅದು ಹೋಯಿತು ಮಗೂ, ಅದೇ ದಿನ ಹೋಯಿತು. ಟ್ರೇಲರ್ ನಿಂತಿತ್ತು, ಕೊಂಡವನು ಕಾಯುತ್ತಿದ್ದ ಎಂದ. ನಾನು ಕನ್ನಡದಲ್ಲಿ ಆಯಿಗೆ ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾರು ಹೇರಿದ್ರು, ಕೇಳು. ನನ್ನ ಮಗನ ರಕ್ತ ಇತ್ತಲ್ಲ ಅದಕ್ಕ. ಅದನ್ನ ಹೊತ್ತ ಕೈ ಯಾವು, ಕೇಳು."

ನಾನು ಕೇಳಿದೆ. ಮುಕಾದಮ ಅಪ್ಪನ ಕಡೆ ನೋಡಿದ. ಹೇಳಬಾರದಿತ್ತೋ ಏನೋ ಎಂದು ಅವನಿಗೂ ಅನ್ನಿಸಿರಬೇಕು. ದನಿ ತಗ್ಗಿಸಿ, "ತುಝ್ಯಾ ಬಾಪಾನೇಚ ಭರಲಂ" ಎಂದ.

ನಿನ್ನ ಅಪ್ಪನೇ ಹೇರಿದ.

ಮಾತು ನನಗೆ ಅರ್ಥವಾಗಿತ್ತು. ಅಪ್ಪನಿಗೂ ಅರ್ಥವಾಗಿತ್ತು. ಆಯಿಗೊಬ್ಬಳಿಗೆ ಆಗಿರಲಿಲ್ಲ, ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅಪ್ಪನ ಮುಖ ನೋಡಿದೆ.

"ನಾನ ಹೇರೀನವ್ವಾ" ಎಂದ ಅಪ್ಪ.

ಆಯಿ ತಿರುಗಿದಳು.

"ದವಾಖಾನ್ಯಾಗ ನಾಳಿ ಕೊಡ್ತೀವಿ ಅಂದ್ರು. ಅವನ ಬುತ್ತಿ, ಅಂಗಿ ತಗೊಂಡು ಹೋಗಾಕ ಇಲ್ಲಿಗೆ ಬಂದೆ. ಸಳಿ ಹಂಗ ಬಿದ್ದಿದ್ವು. ಯಾರೂ ಮುಟ್ಟವಲ್ರು, ಅಂಜ್ಯಾರ. ಬಂದವರು ಹೋದವರು ದಾಟಿ ಅಡ್ಡಾಡಾಕತ್ತಿದ್ರು. ಮಳಿ ಬಂದು ಅವನ ರಕ್ತ ಎಲ್ಲಾರ ಕಾಲಾಗ ಹರ್ಯಾಕತ್ತಿತ್ತು. ನನಗ ನೋಡಾಕ ಆಗಲಿಲ್ಲ. ಎತ್ತಿ ಇಟ್ಟೆ."

"ಅದಕ್ಕ ಎತ್ತಿ ಅವರ ಗಾಡ್ಯಾಗ ಇಟ್ಟಿ" ಎಂದಳು ಆಯಿ.

"ಮತ್ತೆಲ್ಲಿ ಇಡ್ಲಿ ಯವ್ವಾ?"

ಅಪ್ಪನ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಿ ಬೈಯಲಿಲ್ಲ. "ನಿಮ್ಮಪ್ಪ ಇದ್ದಿದ್ರ ಆ ಕಬ್ಬಣಾನ ಬೆಂಕಿಗೆ ಹಾಕಿ ಚೂರಾಗೂತನಕ ಬಡೀತಿದ್ದ" ಎಂದಳು. "ಮಾರಾಕ ಬಿಡ್ತಿದ್ದಿಲ್ಲ." ಆಮೇಲೆ ನನ್ನ ಕೈ ಹಿಡಿದು ಗೇಟಿನ ಕಡೆಗೆ ನಡೆದಳು. ಅಂದೇ ಮಧ್ಯಾಹ್ನ ಪನ್ವೇಲಿನಿಂದ ಬಸ್ಸು ಹತ್ತಿದಳು. ಬಸ್ಸು ಬಿಡುವವರೆಗೂ ಅಪ್ಪ ಕಿಟಕಿಯ ಕೆಳಗೆ ನಿಂತಿದ್ದ. ಅವಳು ಕೆಳಗೆ ನೋಡಲಿಲ್ಲ.

ಅಪ್ಪ ಮುಂದಿನ ವಾರ ಅದೇ ಯಾರ್ಡಿಗೆ ಕೆಲಸಕ್ಕೆ ಹೋದ. ಬೇರೆ ಎಲ್ಲಿಗೆ ಹೋಗಬೇಕಿತ್ತು? ಸಂಜೆ ಬಂದು ಮೊದಲಿನಂತೆಯೇ ಬೋರಲು ಮಲಗುತ್ತಿದ್ದ. ಅವ್ವ ಎಣ್ಣೆ ತಿಕ್ಕುವಾಗ ಒಂದೊಂದು ಸಲ ಅವಳ ಕೈ ನಿಂತುಬಿಡುತ್ತಿತ್ತು. ಕಾಕಾ ಮಲಗುತ್ತಿದ್ದ ಮೂಲೆಯಲ್ಲಿ ನೀರಿನ ಡ್ರಮ್ಮು ತಂದಿಟ್ಟರು.

ನಾನು ಮತ್ತೆ ಶಾಲೆಗೆ ಹೋದಾಗ ಗೋಡೆಯ ಮೇಲೆ ಹೆಸರುಗಳ ಕತೆ ಬರೆದ ಎಲ್ಲರ ಹಾಳೆಗಳನ್ನು ಅಂಟಿಸಿದ್ದರು. ಹಾಲು, ಕೊಡೆ, ಕಿಟಕಿ. ನನ್ನದು ಇರಲಿಲ್ಲ. ಸುದ್ದಿ ತಿಳಿದು ಟೀಚರ್ ತೆಗೆದಿಟ್ಟಿದ್ದರು. ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ತಲೆ ಸವರಿದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಅವರ ಮೇಲೋ ಆ ಪದದ ಮೇಲೋ ಈಗಲೂ ಹೇಳಲಾರೆ.

"ಹೊನ್ನು ಅಂತ ಯಾಕೆ ಕರೆದ್ರು ಟೀಚರ್? ಅದು ಹೊನ್ನು ಅಲ್ಲ."

ಅವರು ನಿಧಾನಕ್ಕೆ ಅಂದರು, "ಅಲ್ಲ ಮಗಾ. ಆಗಿನವರಿಗೆ ಪೊನ್ ಅಂದ್ರೆ ಬರೀ ಚಿನ್ನ ಅಂತ ಅಲ್ಲ. ಯಾವ ಲೋಹವಾದ್ರೂ ಪೊನ್ನೇ. ಚಿನ್ನ ದೊಡ್ಡದು, ಕಬ್ಬಿಣ ಸಣ್ಣದು ಅಂತ ಅವರು ಹೆಸರಿಡುವಾಗ ಯೋಚಿಸಿರಲಿಕ್ಕಿಲ್ಲ. ನಾನು ಚಂದ ಕಾಣ್ಲಿ ಅಂತ ಹಾಗೆ ಹೇಳಿದೆ. ಬರೀ ಕಪ್ಪು ಲೋಹ, ಅಷ್ಟೇ."

ಬರೀ ಕಪ್ಪು ಲೋಹ. ಅದು ನನಗೆ ಹೆಚ್ಚು ಸಮಾಧಾನ ಕೊಟ್ಟಿತು.

ಆಯಿ ಆಮೇಲೆ ಕಳಂಬೋಲಿಗೆ ಬರಲಿಲ್ಲ. ಊರಿನ ಅಂಗಡಿಯ ಫೋನಿನಿಂದ ಮಾತಾಡುವಾಗ ಅವ್ವನ ಜೊತೆ ಮಾತಾಡುತ್ತಿದ್ದಳು, ನನ್ನ ಜೊತೆ ಮಾತಾಡುತ್ತಿದ್ದಳು. ಅಪ್ಪ ಫೋನು ತೆಗೆದುಕೊಂಡರೆ ಆ ಕಡೆಯಿಂದ ಬಸ್ಸಿನ ಸದ್ದು, ನಾಯಿಯ ಸದ್ದು ಮಾತ್ರ ಕೇಳುತ್ತಿತ್ತು. ಅಪ್ಪ ಆದರೂ ಹೇಳುವುದನ್ನೆಲ್ಲ ಹೇಳಿ ಇಡುತ್ತಿದ್ದ, ಮಳೆ ಹೇಗಿದೆ, ಮೊಣಕಾಲು ಹೇಗಿದೆ, ಔಷಧಿ ತಗೋ ಎಂದು. ವರ್ಷಗಳು ಹೀಗೇ ಹೋದವು. ಅವಳು ಹಾಸಿಗೆ ಹಿಡಿದಾಗ ಅಪ್ಪ ಹೋಗಿ ಕೊನೆಯವರೆಗೂ ಅಲ್ಲೇ ಇದ್ದ. ತಿರುಗಿ ಬಂದಾಗ ಅವ್ವ ಮೊದಲು ಕೇಳಿದ್ದು ಅದನ್ನೇ.

"ಮಾತಾಡಿದ್ರೇನು?"

"ಇಲ್ಲ" ಎಂದ ಅಪ್ಪ. "ನೀರು ಹಾಕಿದ್ರ ಕುಡಿದ್ಲು."

ಈಗ ನಾನು ಡೊಂಬಿವಲಿಯಲ್ಲಿದ್ದೇನೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ. ಅಲ್ಲಿ ಅದನ್ನು ಕಬ್ಬಿಣ ಎನ್ನುವುದಿಲ್ಲ, ಲೋಖಂಡ ಎನ್ನುವುದೂ ಅಪರೂಪ. ಮೈಲ್ಡ್ ಸ್ಟೀಲ್ ಎನ್ನಲು ಎಂ.ಎಸ್. ಎನ್ನುತ್ತಾರೆ, ಎರಡು ಅಕ್ಷರ. ಆ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಟೀಚರ್ ಗಂಡನ ಜೊತೆ ಊರಿಗೆ ಹೋದರೆಂದು ಕೇಳಿದೆ, ವಿಳಾಸ ಗೊತ್ತಿಲ್ಲ. ಊರಿನ ಕುಲುಮೆ ಇದ್ದ ಜಾಗದಲ್ಲಿ ಯಾರೋ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತಾಳೆ. ಕಬ್ಬಿಣವನ್ನು ಎದುರು ನಿಲ್ಲಿಸಿಕೊಂಡು ಯಾಕೆ ಹೀಗೆ ಮಾಡಿದೆ ಎಂದು ಕೇಳಬಲ್ಲವರು ನಮ್ಮಲ್ಲಿ ಇನ್ನು ಯಾರೂ ಇಲ್ಲ.

ಅಪ್ಪ ನನ್ನ ಜೊತೆಗಿದ್ದಾನೆ. ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ, ಅಂಗಿ ತೊಡಿಸಬೇಕು. ಈಚೆಗೆ ಒಂದು ದಿನ ತೊಡಿಸುತ್ತ, ಕಾಕಾ ಹೇಳಿದ ಕಬ್ಬಿನ ಕತೆಯನ್ನು ಅವನಿಗೆ ಹೇಳಿದೆ. ಮಾತುಗಳೆಲ್ಲ ನನಗೆ ನೆನಪಿದ್ದವು. ಆದರೆ ಹೇಳುತ್ತ ಹೇಳುತ್ತ ಗೊತ್ತಾಯಿತು, ಅವನ್ನು ನಾನು ನನ್ನ ದನಿಯಲ್ಲೇ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟು ಪ್ರಯತ್ನಿಸಿದರೂ ಬೇರೆ ದನಿ ಬರಲಿಲ್ಲ.

"ಅಪ್ಪಾ, ಕಾಕಾನ ದನಿ ಹೆಂಗಿತ್ತು?"

ಅಪ್ಪ ಅಂಗಿಯ ತೋಳಿನಲ್ಲಿ ಅರ್ಧ ತೂರಿದ ಕೈಯನ್ನು ಹಾಗೇ ಹಿಡಿದುಕೊಂಡು ಯೋಚಿಸಿದ.

"ನನಗೂ ನೆನಪಾಗವಲ್ದವ್ವಾ" ಎಂದ.